ಚೀಲ ಎಲ್ಲಿ ಕಾಯುತ್ತದೆ?

ಎಳ್ಳಮಾವಾಸ್ಯೆಯ ಚರಗ ಮುಗಿಯುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳಲ್ಲಿ ತೊಗರಿ ಕಾಯಿ ಒಣಗಿ ಗಲಗಲ ಎನ್ನುತ್ತಿರುತ್ತದೆ. ರಾಶಿ ಯಂತ್ರದ ಸದ್ದು ಕೇಳಿಬಂದ ಕೂಡಲೇ ಊರ ಕಟ್ಟೆಗಳ ಮೇಲೆ ಒಂದೇ ಮಾತು: ಈ ಸಲ ದರ ಎಷ್ಟು? ಪತ್ರಿಕೆಗಳು ಬರೆಯುವುದೂ, ರೈತ ಸಂಘಟನೆಗಳು ಕೇಳುವುದೂ, ಸರ್ಕಾರ ಘೋಷಿಸುವುದೂ ಆ ದರವನ್ನೇ. ಕ್ವಿಂಟಲ್‌ಗೆ 2022-23ರಲ್ಲಿ 6,600 ರೂಪಾಯಿ ಇದ್ದ ಬೆಂಬಲ ಬೆಲೆ 2023-24ಕ್ಕೆ 7,000, 2024-25ಕ್ಕೆ 7,550, 2025-26ಕ್ಕೆ 8,000 ಆಯಿತು. 2024-25ರಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ 450 ರೂಪಾಯಿ ಸೇರಿಸಿತು. ಅಂಕಿ ಏರುತ್ತಿರುವುದು ನಿಜ. ಆದರೆ ಘೋಷಣೆಯಾದ ದರಕ್ಕೂ ರೈತನ ಖಾತೆಗೆ ಬೀಳುವ ಹಣಕ್ಕೂ ನಡುವೆ ಒಂದು ಉದ್ದನೆಯ ದಾರಿಯಿದೆ. ಆ ದಾರಿಯಲ್ಲಿ ಎಷ್ಟು ಬಾಗಿಲುಗಳಿವೆ, ಯಾವ ಬಾಗಿಲ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕವನ್ನು ನಾವು ದರದ ಲೆಕ್ಕದಷ್ಟು ಶ್ರದ್ಧೆಯಿಂದ ಇಟ್ಟಿಲ್ಲ. ತೊಗರಿ ಕಣಜ ಎನಿಸಿಕೊಂಡ ಕಲಬುರಗಿ ಜಿಲ್ಲೆಯಲ್ಲಿ ರೈತನ ಕೈಗೆ ಸಿಗುವ ನಿಜವಾದ ದರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ದಾರಿ ಎಂಬುದು ಈ ಲೇಖನದ ವಾದ.

ಚೀಲದ ಬೆನ್ನು ಹಿಡಿದು ಒಮ್ಮೆ ನಡೆದು ನೋಡಬೇಕು. ಬೆಂಬಲ ಬೆಲೆಗೆ ಮಾರಲು ಹೊರಟ ರೈತನ ಹೆಸರು ಮೊದಲು ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿರಬೇಕು. ಅವನ ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ಹೊಂದಬೇಕು. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನ ಮುಂದೆ ತೊಗರಿ ಎಂದೇ ದಾಖಲಾಗಿರಬೇಕು; ಹೆಸರು ಎಂದೋ ಹತ್ತಿ ಎಂದೋ ಬಿದ್ದಿದ್ದರೆ ಅಲ್ಲಿಗೆ ನಿಂತಿತು. ಬಳಿಕ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲೋ ಇನ್ನೊಂದು ಖರೀದಿ ಕೇಂದ್ರದಲ್ಲೋ ನೋಂದಣಿ. ಸರದಿ ಬಂದ ದಿನ ಕಾಳನ್ನು ತರಬೇಕು. ತೇವಾಂಶ ಶೇ 12ರೊಳಗಿದೆಯೇ, ಕಸಕಡ್ಡಿ, ಒಡಕು, ಹುಳುಕು ಮಿತಿಯಲ್ಲಿದೆಯೇ ಎಂದು ನೋಡಿ, ಜರಡಿ ಹಿಡಿದು, 50 ಕಿಲೋ ಚೀಲಕ್ಕೆ ತುಂಬಿ, ತೂಗಿ, ಬಾಯಿ ಹೊಲಿದು, ಲಾರಿಗೆ ಏರಿಸಿ ಉಗ್ರಾಣಕ್ಕೆ ಕಳಿಸಬೇಕು. ಉಗ್ರಾಣದವರು ಮಾಲು ಒಪ್ಪಿಕೊಂಡು ರಸೀದಿ ಕೊಟ್ಟರೆ ಆ ಕಾಗದ ರಾಜ್ಯ ಮಟ್ಟದ ಸಂಸ್ಥೆಯ ಮೂಲಕ ನಾಫೆಡ್‌ನಂಥ ಕೇಂದ್ರ ಸಂಸ್ಥೆಗೆ ಹೋಗುತ್ತದೆ. ಅಲ್ಲಿಂದ ಬಿಡುಗಡೆಯಾದ ಹಣ ಹಿಂದಿರುಗಿ ಕೊನೆಗೆ ರೈತನ ಖಾತೆ ಸೇರುತ್ತದೆ. ಈ ಇಡೀ ಸರಪಳಿಯಲ್ಲಿ ಮನುಷ್ಯರ ಕೈ ಆ ಚೀಲವನ್ನೋ ಅದರ ಕಾಗದವನ್ನೋ ನಿಜವಾಗಿ ಮುಟ್ಟಿರುವ ಹೊತ್ತನ್ನು ಕೂಡಿಸಿದರೆ ಕೆಲವು ತಾಸು ಆದೀತು. ಉಳಿದದ್ದೆಲ್ಲ ಕಾಯುವ ಕಾಲ. ಹಮಾಲರು ನಿಧಾನ, ಗುಮಾಸ್ತರು ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಸಂದಿಗಳಲ್ಲಿ ಕಾಲ ಸೋರಿಹೋಗುತ್ತಿದೆ.

ಈ ಸಂದಿಗಳನ್ನು ಹುಡುಕುವ ವಿದ್ಯೆಗೆ ನೂರು ವರ್ಷ ದಾಟಿದೆ. 1921ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಅಲ್ಲಿನ ಯಂತ್ರ ಎಂಜಿನಿಯರುಗಳ ಸಂಘದ ಮುಂದೆ ಕೆಲಸದ ಹರಿವನ್ನು ಚಿತ್ರವಾಗಿ ಬಿಡಿಸುವ ಕ್ರಮವನ್ನು ಮಂಡಿಸಿದರು. ಅದೇ ಸಂಘ 1947ರಲ್ಲಿ ಐದು ಗುರುತುಗಳನ್ನು ಖಾಯಂ ಮಾಡಿತು: ಕೆಲಸ, ಸಾಗಣೆ, ತಪಾಸಣೆ, ದಾಸ್ತಾನು ಮತ್ತು ತಡ. ಸುಮ್ಮನೆ ಕಾಯುವುದೂ ಕೆಲಸದ ಒಂದು ಭಾಗ, ಅದನ್ನೂ ಬರೆದಿಡಬೇಕು ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. 1962ರಲ್ಲಿ ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇಂಥ ಹರಿವಿಗೆ ಗಣಿತದ ಭಾಷೆ ಕೊಟ್ಟರು; ಏಕಕಾಲಕ್ಕೆ ಹಲವು ಕೆಲಸ ನಡೆಯುವಾಗ ಯಾವುದು ಯಾವುದಕ್ಕೆ ಕಾಯುತ್ತದೆ ಎಂಬುದನ್ನು ಅದರಲ್ಲಿ ಬರೆದು ತೋರಿಸಬಹುದಾಗಿತ್ತು. ಆ ಅಡಿಪಾಯದ ಮೇಲೆ ನೆದರ್ಲೆಂಡ್ಸ್‌ನ ವಿಲ್ ವಾನ್ ಡೆರ್ ಆಲ್ಸ್ಟ್ ಮತ್ತವರ ಸಂಗಡಿಗರು ಈ ಶತಮಾನದ ಆರಂಭದಲ್ಲಿ ಕಟ್ಟಿದ ಶಾಸ್ತ್ರಕ್ಕೆ ಪ್ರೊಸೆಸ್ ಮೈನಿಂಗ್ ಎಂಬ ಹೆಸರಿದೆ. ಗಣಿಯಿಂದ ಅದಿರು ತೆಗೆದಂತೆ ಕಚೇರಿಯ ಕಂಪ್ಯೂಟರಿನಲ್ಲಿ ಬಿದ್ದಿರುವ ದಾಖಲೆಗಳಿಂದ ಕೆಲಸದ ನಿಜವಾದ ನಕ್ಷೆಯನ್ನು ತೆಗೆಯುವುದು ಇದರ ರೀತಿ. ಇದಕ್ಕೆ ಬೇಕಾದದ್ದು ಮೂರೇ ಮೂರು ವಿವರ: ಯಾವ ಅರ್ಜಿ, ಅದರ ಮೇಲೆ ನಡೆದ ಕೆಲಸ ಯಾವುದು, ಎಷ್ಟು ಹೊತ್ತಿಗೆ. ಸಾವಿರಾರು ಅರ್ಜಿಗಳ ಈ ಮೂರು ಕಾಲಂ ಸಿಕ್ಕರೆ ಸಾಕು, ನಿಯಮದ ಪುಸ್ತಕ ಹೇಳುವ ದಾರಿ ಒಂದು ಕಡೆ, ಜನ ನಡೆದು ಸವೆಸಿದ ದಾರಿ ಇನ್ನೊಂದು ಕಡೆ, ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನೋಡಬಹುದು. ಈ ಶಾಸ್ತ್ರವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಮೊದಲ ಜಾಗಗಳಲ್ಲಿ ಡಚ್ ಲೋಕೋಪಯೋಗಿ ಇಲಾಖೆಯ ಒಂದು ಪ್ರಾಂತೀಯ ಕಚೇರಿಯೂ ಸೇರಿತ್ತು ಎಂಬುದನ್ನು ನಮ್ಮವರು ಗಮನಿಸಬೇಕು. ಅಲ್ಲಿ ಅಧ್ಯಯನಕ್ಕೆ ತೆಗೆದುಕೊಂಡದ್ದು ಬಿಲ್ ಪಾವತಿಯನ್ನು. ಸರ್ಕಾರ ಕೊಡಬೇಕಾದ ಹಣ ಎಲ್ಲಿ ನಿಂತಿದೆ ಎಂಬ ಪ್ರಶ್ನೆ ಅಲ್ಲಿಯೂ ಇಲ್ಲಿಯೂ ಒಂದೇ.

ಕಾಯುವುದಕ್ಕೂ ಒಂದು ಗಣಿತವಿದೆ. ಅದು ಸರಳ, ಆದರೆ ಕಠೋರ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ ಸಾಲಿನಲ್ಲಿರುವವರ ಸಂಖ್ಯೆಯನ್ನು ದಿನಕ್ಕೆ ಸಾಗುವವರ ಸಂಖ್ಯೆಯಿಂದ ಭಾಗಿಸಿದರೆ ಕಾಯುವ ದಿನ ಸಿಗುತ್ತದೆ. ಒಂದು ಖರೀದಿ ಕೇಂದ್ರ ದಿನಕ್ಕೆ 30 ಟ್ರ್ಯಾಕ್ಟರ್ ಮಾಲು ತೂಗುತ್ತದೆ, ಹೊರಗೆ 240 ನಿಂತಿವೆ ಎಂದು ಇಟ್ಟುಕೊಳ್ಳಿ. ಕೊನೆಯಲ್ಲಿ ಬಂದವನಿಗೆ ಎಂಟು ದಿನ. ಯಾವ ಅಧಿಕಾರಿಯ ಭರವಸೆಯೂ ಆ ಎಂಟನ್ನು ಏಳು ಮಾಡಲಾರದು. ತೂಗುವ ವೇಗ ಹೆಚ್ಚಬೇಕು ಇಲ್ಲವೇ ಬರುವವರು ಹಂಚಿಕೊಂಡು ಬರಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕಾಡುವಂಥದ್ದು. ಟೆಲಿಫೋನ್ ಕರೆಗಳ ದಟ್ಟಣೆಯನ್ನು ಅಳೆಯಲು ಡೆನ್ಮಾರ್ಕ್‌ನ ಎ.ಕೆ. ಎರ್ಲಾಂಗ್ 1909ರಲ್ಲಿ ಶುರು ಮಾಡಿದ ಸಾಲಿನ ಶಾಸ್ತ್ರದ ಸರಳ ಮಾದರಿ ಹೀಗೆ ಹೇಳುತ್ತದೆ: ಒಬ್ಬರ ಕೆಲಸಕ್ಕೆ ಸರಾಸರಿ 10 ನಿಮಿಷ ಬೇಕಿದ್ದು, ತೂಕದ ಕಟ್ಟೆಯ ಸಾಮರ್ಥ್ಯದ ಶೇ 80ರಷ್ಟು ತುಂಬಿದ್ದರೆ ಸರಾಸರಿ 40 ನಿಮಿಷ ಕಾಯಬೇಕು, ಶೇ 90 ತುಂಬಿದರೆ 90 ನಿಮಿಷ, ಶೇ 95 ತುಂಬಿದರೆ 190 ನಿಮಿಷ. ಹೊರೆ ಸ್ವಲ್ಪವೇ ಏರಿದರೂ ಕಾಯುವ ಕಾಲ ಹಾರುತ್ತದೆ. ಮಳೆಯಾಶ್ರಿತ ತೊಗರಿ ಒಂದೇ ಮಳೆಗೆ ಬಿತ್ತಿ ಒಂದೇ ಚಳಿಗೆ ಕೊಯ್ಲಿಗೆ ಬರುವ ಬೆಳೆ. ಮೂರೂ ತಾಲ್ಲೂಕುಗಳ ಕಾಳು ಕೆಲವೇ ವಾರಗಳಲ್ಲಿ ಮಾರುಕಟ್ಟೆಯತ್ತ ಹೊರಡುತ್ತದೆ. ವರ್ಷದ ಸರಾಸರಿ ಲೆಕ್ಕ ಹಾಕಿ ಕೇಂದ್ರಗಳು ಸಾಕಷ್ಟಿವೆ ಎಂದು ಹೇಳುವುದು ಸುಲಭ. ಆ ಕೆಲವು ವಾರಗಳಲ್ಲಿ ಏನಾಗುತ್ತದೆ ಎಂಬುದೇ ರೈತನ ಪಾಲಿನ ವರ್ಷ.

2016-17ನ್ನು ನೆನಪಿಸಿಕೊಂಡರೆ ಇದು ಬರೀ ಕಾಗದದ ಗಣಿತವಲ್ಲ ಎಂಬುದು ತಿಳಿಯುತ್ತದೆ. ಹಿಂದಿನ ವರ್ಷ ಅಂಗಡಿಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ಕಂಡು ದೇಶವೆಲ್ಲ ತೊಗರಿ ಬಿತ್ತಿತು, ಮಳೆಯೂ ಕೈಹಿಡಿಯಿತು, ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್ ದಾಟಿತು. ಆಗ ಬೋನಸ್ ಸೇರಿ ಬೆಂಬಲ ಬೆಲೆ 5,050 ರೂಪಾಯಿ. ಪೇಟೆಯ ದರ ಅದಕ್ಕಿಂತ ಕೆಳಗಿಳಿದಾಗ ರೈತರೆಲ್ಲ ಖರೀದಿ ಕೇಂದ್ರಗಳತ್ತ ತಿರುಗಿದರು. ಕಲಬುರಗಿ ಜಿಲ್ಲೆಯಲ್ಲಿ ಗೋಣಿಚೀಲ ಇಲ್ಲವೆಂಬ ಕಾರಣಕ್ಕೆ ಖರೀದಿ ನಿಂತುನಿಂತು ನಡೆಯಿತು. ಕೊಳ್ಳಲು ಹಣ ಮಂಜೂರಾಗಿತ್ತು, ದರ ಘೋಷಣೆಯಾಗಿತ್ತು, ಕಾಳು ಬಾಗಿಲಲ್ಲಿತ್ತು. ಅಗ್ಗದ ಒಂದು ಸೆಣಬಿನ ಚೀಲ ಎಲ್ಲವನ್ನೂ ಹಿಡಿದು ನಿಲ್ಲಿಸಿತು. ಸರಪಳಿಯ ಅತ್ಯಂತ ಇಕ್ಕಟ್ಟಾದ ಕೊಂಡಿ ಇಡೀ ಸರಪಳಿಯ ವೇಗವನ್ನು ನಿಶ್ಚಯಿಸುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಾಠಪುಸ್ತಕವೂ ಹೇಳಲಾರದು. ಹೀಗೆ ನಿಂತ ದಿನಗಳ ಬೆಲೆ ತೆತ್ತವನು ಯಾರು? ಅಡತಿ ಅಂಗಡಿಯ ಸಾಲ ತೀರಿಸಬೇಕಾದವನು, ಬಾಡಿಗೆ ಟ್ರ್ಯಾಕ್ಟರಿನವನು, ಮಗಳ ಮದುವೆಯ ದಿನ ಗೊತ್ತುಮಾಡಿದವನು. ಕಾಯಲಾರದವನು ಸಿಕ್ಕ ದರಕ್ಕೆ ಕೊಟ್ಟು ಹೋಗುತ್ತಾನೆ. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಆಳಂದ, ಅಫಜಲಪುರದ ಎಷ್ಟೋ ಹಳ್ಳಿಗಳಿಗೆ ಕಲಬುರಗಿಯ ನೆಹರು ಗಂಜಿಗಿಂತ ಅಕ್ಕಲಕೋಟೆ ತಾಲ್ಲೂಕಿನ ದುಧನಿ ಪೇಟೆ ಸಮೀಪ. ನಗದು ಬೇಗ ಸಿಗುವಲ್ಲಿಗೆ ಕಾಳು ಹರಿಯುವುದು ಸಹಜ. ಅಂಥವನು ಸರ್ಕಾರದ ದರವನ್ನು ನಿರಾಕರಿಸಿದನೆಂದು ಹೇಳಲಾಗದು. ಕಾಯುವಿಕೆಗೆ ಬಡ್ಡಿ, ಬಾಡಿಗೆ ಕಟ್ಟಿ ಕಳೆದಾಗ ಆ ದರ ಅವನ ಪಾಲಿಗೆ ಕಡಿಮೆಯದೇ ಆಗಿತ್ತು.

ಕೆಲಸದ ಕ್ರಮ ಬದಲಾದ ಮಾತ್ರಕ್ಕೆ ದರ ಬದಲಾದೀತೇ ಎಂದು ಅನುಮಾನಿಸುವವರಿಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪುರಾವೆಯಿದೆ. ಕರ್ನಾಟಕವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ಎಪಿಎಂಸಿ ಪ್ರಾಂಗಣಗಳನ್ನು ಒಂದೇ ಆನ್‌ಲೈನ್ ಟೆಂಡರ್ ಪದ್ಧತಿಗೆ ತಂದಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಇ-ನಾಮ್ ಎಂಬ ರಾಷ್ಟ್ರೀಯ ಆನ್‌ಲೈನ್ ಮಾರುಕಟ್ಟೆಯನ್ನು ಶುರು ಮಾಡುವುದಕ್ಕೂ ಮೊದಲೇ. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯಾ ಸಿಂಘ್ವಿ, ಯಾಂಚಾಂಗ್ ಝೆಂಗ್ ಎಂಬ ಸಂಶೋಧಕರು ಇದರ ಫಲವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ದರ ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿತ್ತು. ಹತ್ತಿ, ಹೆಸರು ಮತ್ತು ತೊಗರಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಕಲಬುರಗಿಯ ಓದುಗರು ಈ ಕೊನೆಯ ಸಾಲಿನ ಮುಂದೆ ಸ್ವಲ್ಪ ನಿಲ್ಲಬೇಕು. ಅದೇ ಕಂಪ್ಯೂಟರ್, ಅದೇ ಕಾನೂನು, ಆದರೂ ತೊಗರಿಗೆ ಲಾಭ ತಲುಪಲಿಲ್ಲ. ಸಂಶೋಧಕರು ಅಲ್ಲಿಗೆ ಕೈಚೆಲ್ಲದೆ ಸಾಗಣೆ, ಬಿಡ್ ಹಾಕುವ ಬಗೆ, ಕೊಳ್ಳುವವರ ಸಂಖ್ಯೆ, ದರ ಗೊತ್ತಾಗುವ ರೀತಿ ಇವನ್ನು ಬೆಳೆಯಿಂದ ಬೆಳೆಗೆ ಹೋಲಿಸಿದರು. ಮುಂದೆ ಅವರು ರಾಜ್ಯದ ಒಂದು ದೊಡ್ಡ ಬೇಳೆಕಾಳಿನ ಮಾರುಕಟ್ಟೆಯಲ್ಲಿ ಟೆಂಡರನ್ನು ಎರಡು ಹಂತ ಮಾಡಿದರು. ಮೊದಲ ಹಂತದಲ್ಲಿ ಎಲ್ಲರೂ ಬಿಡ್ ಹಾಕುವುದು. ಪ್ರತಿ ರಾಶಿಗೆ ಮೇಲಿನ ಬಿಡ್ ಹಾಕಿದ ಕೆಲವರಿಗೆ ಎರಡನೆಯ ಹಂತದಲ್ಲಿ ತಮ್ಮ ದರ ಏರಿಸಲು ಮತ್ತೊಂದು ಅವಕಾಶ. 2019ರ ಫೆಬ್ರುವರಿಯಲ್ಲಿ ಜಾರಿಯಾದ ಈ ಪದ್ಧತಿಯಿಂದ ದರ ಶೇ 4.7ರಷ್ಟು ಏರಿತು, ಕೆಲವೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಅದರ ಪ್ರಯೋಜನ ತಲುಪಿತು. ವರ್ತಕರು ಅವರೇ, ಕಾಳೂ ಅದೇ. ಬದಲಾದದ್ದು ಹೆಜ್ಜೆಗಳ ಕ್ರಮ. ಹೊಸ ಹಂತದಿಂದ ತೂಕ, ಸಾಗಣೆ ಮರುದಿನಕ್ಕೆ ಬೀಳದಂತೆಯೂ ಎಚ್ಚರ ವಹಿಸಬೇಕಿತ್ತು, ಏಕೆಂದರೆ ದರದಲ್ಲಿ ಗಳಿಸಿದ್ದನ್ನು ಕಾಯಿಸಿ ಕಳೆದರೆ ಬಂದ ಭಾಗ್ಯವೇನು.

ಇಷ್ಟಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಆಮದಿನದು. ಮ್ಯಾನ್ಮಾರ್, ಮೊಜಾಂಬಿಕ್ ಮುಂತಾದ ಕಡೆಯಿಂದ ಸುಂಕವಿಲ್ಲದೆ ತೊಗರಿ ಬರುತ್ತಿರುವಾಗ, ಆ ವಿನಾಯಿತಿಯನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸುತ್ತಿರುವಾಗ, ಜೇವರ್ಗಿಯ ತೂಕದ ಕಟ್ಟೆಯಲ್ಲಿ ಹತ್ತು ನಿಮಿಷ ಉಳಿಸಿ ಏನು ಸಾಧಿಸಿದಂತಾಯಿತು? ಆಮದು ನೀತಿ ದರದ ಮಟ್ಟವನ್ನು ಅಲುಗಿಸುತ್ತದೆ, ಒಪ್ಪಬೇಕು. ಯಾವ ನಕ್ಷೆಯೂ ದೆಹಲಿಯ ಆದೇಶವನ್ನು ತಿದ್ದದು. ಆದರೆ ಪೇಟೆಯ ದರ ಕುಸಿದ ವರ್ಷವೇ ಬೆಂಬಲ ಬೆಲೆಯ ಬಾಗಿಲಿಗೆ ಜನ ನುಗ್ಗುವುದು. ದರ ಹತ್ತು ಸಾವಿರ ದಾಟಿದ ವರ್ಷ ಆ ಬಾಗಿಲು ಎಷ್ಟು ಇಕ್ಕಟ್ಟಾಗಿದ್ದರೂ ಯಾರಿಗೂ ನೋಯದು. ನೀತಿ ಕೆಟ್ಟಷ್ಟೂ ಪ್ರಕ್ರಿಯೆ ಸರಿಯಿರಬೇಕಾದ ಅಗತ್ಯ ಹೆಚ್ಚುತ್ತದೆ. ಮೇಲಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ತೊಗರಿ, ಉದ್ದು, ಮಸೂರಗಳನ್ನು ನೋಂದಾಯಿತ ರೈತರು ತಂದಷ್ಟೂ ನಾಲ್ಕು ವರ್ಷ ಕೊಳ್ಳುವುದಾಗಿ ಹೇಳಲಾಗಿದೆ. ಕೊಳ್ಳುವ ಪ್ರಮಾಣದ ಮಿತಿ ಸಡಿಲವಾದಾಗ ಉಳಿಯುವ ಮಿತಿ ಜರಡಿ, ತಕ್ಕಡಿ, ಲಾರಿ, ಉಗ್ರಾಣ ಮತ್ತು ರಸೀದಿಯದು.

ಇನ್ನೊಂದು ಆಕ್ಷೇಪ, ಎಲ್ಲವೂ ಈಗಾಗಲೇ ಕಂಪ್ಯೂಟರಿನಲ್ಲಿದೆ, ಇನ್ನೇನು ಬೇಕು ಎಂಬುದು. 1990ರಲ್ಲಿ ಮೈಕೆಲ್ ಹ್ಯಾಮರ್ ಬರೆದ ಪ್ರಸಿದ್ಧ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಫೋರ್ಡ್ ಕಂಪನಿಯ ಬಿಲ್ ಪಾವತಿ ವಿಭಾಗದಲ್ಲಿ 500 ಜನರಿದ್ದರು. ಕಂಪ್ಯೂಟರ್ ಹಾಕಿ ಆ ಸಂಖ್ಯೆಯನ್ನು ಶೇ 20ರಷ್ಟು ಇಳಿಸುವ ಯೋಚನೆ ನಡೆದಿತ್ತು. ಮಜ್ದಾ ಕಂಪನಿಯಲ್ಲಿ ಅದೇ ಕೆಲಸವನ್ನು 5 ಜನ ಮಾಡುತ್ತಿದ್ದಾರೆ ಎಂದು ತಿಳಿದಾಗ ಫೋರ್ಡ್ ಕೆಲಸದ ಕ್ರಮವನ್ನೇ ಕೆಡವಿ ಕಟ್ಟಿತು. ಮಾಲು ಬಂದಾಗಲೇ ಒಪ್ಪಿಗೆ ದಾಖಲಾದರೆ ಬಿಲ್ಲಿಗೆ ಕಾಯುವುದೇಕೆ ಎಂಬ ಒಂದು ಪ್ರಶ್ನೆ ಅದರ ತಿರುಳು. ತೊಗರಿಗೆ ಇದೇ ಪ್ರಶ್ನೆ ಹಾಕಬಹುದು. ಕೇಂದ್ರದಲ್ಲಿ ಗುಣಮಟ್ಟ ನೋಡಿ, ತೂಗಿ, ಚೀಲ ಹೊಲಿದ ಮೇಲೆ ರೈತನ ಪಾಲಿನ ಕೆಲಸ ಮುಗಿಯಿತು. ಅಲ್ಲಿಂದ ಉಗ್ರಾಣದವರೆಗಿನ ಲಾರಿಯ ತಡ, ಉಗ್ರಾಣದ ಮುಂದಿನ ಸಾಲು, ಅಲ್ಲಿ ಮಾಲು ತಿರಸ್ಕಾರವಾಗುವ ಅಪಾಯ ಇವೆಲ್ಲ ಕೊಂಡ ಸಂಸ್ಥೆಗಳ ನಡುವಿನ ವ್ಯವಹಾರ. ಆ ತಡದ ಭಾರವನ್ನು ರೈತನ ಖಾತೆಯ ಮೇಲೆ ಹೇರುವ ಕ್ರಮಕ್ಕೆ ನನಗೆ ನ್ಯಾಯ ಕಾಣುವುದಿಲ್ಲ. ಕ್ರಮ ಬದಲಿಸಿದರೆ ಅಧಿಕಾರ ಹೇಗೆ ಕರಗುತ್ತದೆ ಎಂಬುದನ್ನು ಕರ್ನಾಟಕದ ಭೂಮಿ ಯೋಜನೆ ತೋರಿಸಿಕೊಟ್ಟಿದೆ. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಆ ಯೋಜನೆಯಲ್ಲಿ ಮುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ಮುಗಿಸಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂಡಿಸಲಾಯಿತು. ಹಿಂದಿನ ಅರ್ಜಿಯನ್ನು ಬಿಟ್ಟು ಬೇಕಾದವರದನ್ನು ಮುಂದೆ ತರುವ ಸ್ವಾತಂತ್ರ್ಯ ಹೋಯಿತು.

ಅದೇ ಭೂಮಿ ಯೋಜನೆ ಮೂರನೆಯ ಆಕ್ಷೇಪಕ್ಕೂ ಆಧಾರ, ಮತ್ತು ಇದು ನೈತಿಕವಾಗಿ ತೂಕದ್ದು. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತವರ ಸಂಗಡಿಗರು ಮಾಡಿದ ಅಧ್ಯಯನವು, ದಾಖಲೆ ಸುಲಭವಾಗಿ ಸಿಗುವಂತಾದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕೈಗಳಿಗೇ ಹೆಚ್ಚು ಅನುಕೂಲವಾಯಿತು, ಹಳ್ಳಿಯ ಮಟ್ಟದಲ್ಲಿ ಬಡವರಿಗಿದ್ದ ಹೊಂದಾಣಿಕೆಯ ದಾರಿಗಳು ಮುಚ್ಚಿದವು ಎಂದು ವಾದಿಸಿತು. ನಕ್ಷೆ ಬಿಡಿಸುವವರು ಈ ಎಚ್ಚರಿಕೆಯನ್ನು ಎದೆಗೆ ಹಾಕಿಕೊಳ್ಳಬೇಕು. ತೊಗರಿಯಲ್ಲಿ ಇದರ ರೂಪ ಲಾವಣಿಗೆ, ಪಾಲಿಗೆ ಹೊಲ ಮಾಡುವವರದು. ಪಹಣಿ ಮಾಲೀಕನ ಹೆಸರಿನಲ್ಲಿದೆ, ಬೆವರು ಇನ್ನೊಬ್ಬನದು. ಅವನು ನೋಂದಣಿಯ ಬಾಗಿಲಿಗೇ ಬರಲಾರ. ಆದ್ದರಿಂದ ಕಂಪ್ಯೂಟರಿನ ಯಾವ ದಾಖಲೆಯಲ್ಲೂ ಅವನ ಕಾಯುವಿಕೆ ಬೀಳದು. ದಾಖಲೆಯಿಂದಷ್ಟೇ ನಕ್ಷೆ ತೆಗೆದರೆ ಅವನು ಇಲ್ಲದ ನಕ್ಷೆ ಸಿಗುತ್ತದೆ, ಅದು ಅಂದವಾಗಿಯೂ ಕಾಣುತ್ತದೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆಯಲ್ಲೂ ಇಂಥದೇ ಒಂದು ಕುರುಡು ಮೂಲೆಯಿದೆ. 2012ರ ಏಪ್ರಿಲ್ 2ರಿಂದ ರಾಜ್ಯವೆಲ್ಲ ಜಾರಿಗೆ ಬಂದ ಆ ಕಾಯ್ದೆ ಪ್ರತಿ ಅರ್ಜಿಗೂ 15 ಅಂಕಿಯ ಸಂಖ್ಯೆ ಕೊಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಗೊತ್ತುಮಾಡಿದ್ದು ದೊಡ್ಡ ಹೆಜ್ಜೆ. ಆದರೆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ನಾಳೆ ಬಾ ಎಂದು ಕೌಂಟರಿನಿಂದಲೇ ಕಳಿಸಿದ ದಿನ ಯಾರ ಲೆಕ್ಕಕ್ಕೂ ಸೇರದು. ಹಾಗಾಗಿ ಚೀಲದ ಹಿಂದೆ ಕಾಲ್ನಡಿಗೆಯಲ್ಲಿ ನಡೆಯುವ ಸಮೀಕ್ಷೆಯಿಲ್ಲದೆ ಬರೀ ಗಣಕದ ಗಣಿಗಾರಿಕೆ ಸಾಲದು ಎಂದೇ ನನ್ನ ತಿಳಿವಳಿಕೆ.

ಎಲ್ಲ ತಡವನ್ನೂ ಕತ್ತರಿಸಿ ಎಸೆಯಬೇಕೆಂಬ ಅರ್ಥವೂ ಇಲ್ಲಿಲ್ಲ. ಆಳಂದವೇ ಇದಕ್ಕೆ ಸಾಕ್ಷಿ ಕೊಟ್ಟಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ನಿಜವೆಂದು ಕಂಡದ್ದು 24 ಮಾತ್ರ. ಅರ್ಜಿ ಹಾಕಲು ಕೆಲವು ನಿಮಿಷ ಸಾಕಾಗಿತ್ತು. ಮನೆಯ ಬಾಗಿಲಿಗೆ ಹೋಗಿ ಕೇಳುವ ನಿಧಾನದ ಹೆಜ್ಜೆಯೊಂದು ಸಾವಿರಾರು ಜನರ ಮತವನ್ನು ಉಳಿಸಿತು. ತೊಗರಿಯಲ್ಲೂ ತೇವಾಂಶ ನೋಡುವ ಹೊತ್ತು, ಕಾಳು ನಿಜಕ್ಕೂ ಆ ರೈತನದೇ ಎಂದು ತಿಳಿಯುವ ಹೊತ್ತು ಹೀಗೆ ಕಾವಲಿನ ಹೊತ್ತು. ಅದಿಲ್ಲದಿದ್ದರೆ ಅಗ್ಗಕ್ಕೆ ಕೊಂಡ ವರ್ತಕನ ಕಾಳು ರೈತನ ಹೆಸರಿನಲ್ಲಿ ಬೆಂಬಲ ಬೆಲೆ ಪಡೆದೀತು. 1947ರ ಆ ಗುರುತುಗಳಲ್ಲಿ ತಪಾಸಣೆ ಬೇರೆ, ತಡ ಬೇರೆ ಎಂದು ಗೆರೆ ಎಳೆದದ್ದು ಇದೇ ಕಾರಣಕ್ಕೆ. ಎರಡೂ ಒಂದೇ ಸಾಲಿನಲ್ಲಿ ನಿಂತಂತೆ ಕಾಣುತ್ತವೆ. ಬಿಡಿಸಿ ನೋಡಿದಾಗ ಒಂದರಲ್ಲಿ ಯಾರೋ ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡುತ್ತಿದ್ದಾರೆ, ಇನ್ನೊಂದರಲ್ಲಿ ಕಾಳಿನ ಹತ್ತಿರ ಯಾರೂ ಇಲ್ಲ.

ಇದನ್ನೆಲ್ಲ ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಮೂರೂ ತಾಲ್ಲೂಕುಗಳ ಪ್ರತಿ ಖರೀದಿ ಕೇಂದ್ರದಲ್ಲಿ ರೈತ ನೋಂದಾಯಿಸಿದ ದಿನ, ಮಾಲು ತಂದ ಹೊತ್ತು, ಜರಡಿಗೆ ಬಿದ್ದ ಹೊತ್ತು, ತೂಕ ಮುಗಿದ ಹೊತ್ತು, ಲಾರಿ ಹೊರಟ ದಿನ, ಉಗ್ರಾಣದ ರಸೀದಿಯ ದಿನ, ಖಾತೆಗೆ ಹಣ ಬಿದ್ದ ದಿನ, ಈ ಏಳನ್ನು ರೈತನ ಹೆಸರು ಮರೆಮಾಡಿ ವಾರಕ್ಕೊಮ್ಮೆ ಸಂಘದ ಗೋಡೆಗೆ ಅಂಟಿಸಬಹುದು. ಇವುಗಳಲ್ಲಿ ಬಹುಪಾಲು ಹೇಗೂ ಒಂದಲ್ಲ ಒಂದು ತಂತ್ರಾಂಶದಲ್ಲಿ, ಒಂದಲ್ಲ ಒಂದು ರಿಜಿಸ್ಟರಿನಲ್ಲಿ ಬೀಳುತ್ತಲೇ ಇವೆ. 2002ರಿಂದ ಕಲಬುರಗಿಯಲ್ಲೇ ಇರುವ ತೊಗರಿ ಮಂಡಳಿ, ಇಲ್ಲಿನ ವಿಶ್ವವಿದ್ಯಾಲಯಗಳು, ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಕೂಡಿದರೆ ಒಂದು ಹಂಗಾಮಿನೊಳಗೆ ಅಂಥ ನಕ್ಷೆ ಸಿದ್ಧವಾದೀತು. ಜೇವರ್ಗಿಯಲ್ಲಿ ತಡವೆಲ್ಲ ತೂಕದ ಕಟ್ಟೆಯ ಹಿಂದೆ ಸೇರಿಕೊಂಡಿದೆಯೋ, ಅಫಜಲಪುರದಲ್ಲಿ ಲಾರಿಯ ಹಿಂದೆಯೋ, ಆಳಂದದಲ್ಲಿ ಬೆಳೆ ಸಮೀಕ್ಷೆಯ ತಪ್ಪು ದಾಖಲೆಯ ಹಿಂದೆಯೋ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಮೂರಕ್ಕೂ ಬೇಕಾದ ಮದ್ದು ಬೇರೆಬೇರೆ: ಒಂದಕ್ಕೆ ಇನ್ನೊಂದು ತಕ್ಕಡಿ ಸಾಕು, ಇನ್ನೊಂದಕ್ಕೆ ಸಾಗಣೆಯ ಗುತ್ತಿಗೆಯ ಷರತ್ತು ಬದಲಾಗಬೇಕು, ಮತ್ತೊಂದನ್ನು ಬಿತ್ತನೆಯ ಹಂಗಾಮಿನಲ್ಲೇ, ರಾಶಿಗೆ ಎಷ್ಟೋ ತಿಂಗಳು ಮೊದಲೇ ಸರಿಪಡಿಸಬೇಕು.